ಜಾಲಹಳ್ಳಿಗೆ ಬಾರದ ಬಳೆಗಾರ್ತಿ

ಜಾಲಹಳ್ಳಿ
ದೇವದುರ್ಗ ತಾಲೂಕು, 14 ಜೂನ್ 2020

ಲತೀಫಾಕ್ಕನಿಗೆ,

ಈ ಅಕ್ಷರ ಯಾರದು ಎಂದು ಹುಬ್ಬು ಗಂಟಿಕ್ಕಬೇಡ. ನಾನು ಸೌಭಾಗ್ಯ. ಜಾಲಹಳ್ಳಿಯ ಅಂಗನವಾಡಿ ಟೀಚರ್, ಹಣಮವ್ವನ ಸೊಸೆ, ಬಳೆ ಇಡಿಸುವಾಗ ಇಡೀ ಓಣಿಗೆ ಕೇಳುವಂತೆ ಚೀರುವವಳು. ಈಗ ನೆನಪಾಗಿರಬೇಕು.

ಹನ್ನೆರಡು ವರ್ಷದಿಂದ ನೋಡುತ್ತಿದ್ದೇನೆ. ನೀನು ರಾಯಚೂರಿನ ಬಸ್ಸಿಳಿದು, ಹಗ್ಗಕ್ಕೆ ಪೋಣಿಸಿದ ಬಳೆಯ ಮಲಾರವನ್ನು ಹೆಗಲಿಂದ ಇಳಿಸಿ ನಮ್ಮ ಪಡಸಾಲೆಯಲ್ಲಿ ಕೂತರೆ ಓಣಿಯ ಹೆಂಗಸರೆಲ್ಲ ಕೆಲಸ ಬಿಟ್ಟು ಬರುತ್ತಿದ್ದರು. ಈ ವರ್ಷ ಯುಗಾದಿಗೆ ಬಸ್ಸೇ ಇರಲಿಲ್ಲ, ಒಪ್ಪಿದೆ. ಕಾರಹುಣ್ಣಿಮೆಯ ಹೊತ್ತಿಗೆ ಬಸ್ಸು ಬಂತು, ನೀನು ಬರಲಿಲ್ಲ. ಅದನ್ನು ನಾನು ಒಪ್ಪುವುದಿಲ್ಲ.

ಸರ್ಕಾರ ಹೇಳಿದಂತೆ ದಿನಕ್ಕೆ ಇಪ್ಪತ್ತು ಸಲ ಸೋಪು ಹಚ್ಚಿ ಕೈ ತೊಳೆದು ನನ್ನ ಬಳೆಗಳು ಒಂದೊಂದಾಗಿ ಜಾರಿ ಒಡೆದವು. ಈಗ ಎಡಗೈಯಲ್ಲಿ ಎರಡು, ಬಲಗೈಯಲ್ಲಿ ಒಂದು ಉಳಿದಿವೆ. ಅತ್ತೆ ದಿನಾ ನನ್ನ ಕೈ ನೋಡುತ್ತಾರೆ. ನಿನ್ನೆ ಹೇಳಿಯೇಬಿಟ್ಟರು: "ಬರಿಗೈಲೆ ತಿರಗಾಡೂದು ನನ್ನ ಪಾಲಿಗೆ ಬಂದದ. ನಿನ್ನ ಪಾಲಿಗೆ ಯಾಕ ಬೇ?" ಮಾವ ತೀರಿಕೊಂಡಾಗ ನನ್ನ ನಾದಿನಿ ದೇವಿಕಾಗೆ ಎರಡು ವರ್ಷವಂತೆ. ಅಂದಿನಿಂದ ಈ ಮನೆಯ ಯಜಮಾನಿಕೆ ಅತ್ತೆಯದು, ಮಾತೂ ಅವರದೇ ಕೊನೆಯದು.

ನನ್ನ ಕೆಲಸ ಕೇಳಬೇಡ. ಅಂಗನವಾಡಿಗೆ ಮಕ್ಕಳು ಬರುವ ಹಾಗಿಲ್ಲ. ನಾನೇ ಚೀಲ ಹೊತ್ತು ಮನೆಮನೆಗೆ ಮೊಟ್ಟೆ, ಹೆಸರುಬೇಳೆ ಮುಟ್ಟಿಸುತ್ತೇನೆ. ಬೆಂಗಳೂರಿಗೆ ದುಡಿಯಲು ಹೋಗಿ ತಿರುಗಿ ಬಂದವರನ್ನು ಶಾಲೆಯಲ್ಲಿ ಇರಿಸಿದ್ದರು, ಅವರ ಹಣೆಗೆ ಜ್ವರದ ಮಷೀನು ಹಿಡಿಯುವುದೂ ನನ್ನ ಪಾಲಿಗೇ ಬಂತು. ಎಲ್ಲರ ಮುಖಕ್ಕೂ ಬಟ್ಟೆ. ನನ್ನ ಊರಿನವರ ಗುರುತೇ ನನಗೆ ಹತ್ತುತ್ತಿಲ್ಲ. ಕೈ ನೋಡಿ, ಇದು ಇಂಥವರದು ಎಂದು ಊಹಿಸುತ್ತೇನೆ.

ಮೊನ್ನೆ ಮಧ್ಯಾಹ್ನ ಖಾಲಿ ಅಂಗನವಾಡಿ ಗುಡಿಸಲು ಹೋಗಿದ್ದೆ. ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂತವಳಿಗೆ ಕಣ್ಣು ಹತ್ತಿತು. ಮಕ್ಕಳೆಲ್ಲ ಸುತ್ತ ಕೂತು ತಮ್ಮ ಕೈಯಿಂದ ನನ್ನ ಕೈಗೆ ಬಳೆ ಇಡಿಸುತ್ತಿದ್ದ ಹಾಗೆ ಅನಿಸಿತು. ಎದ್ದಾಗ ಬಿಸಿಲು ಗೋಡೆಯ ಮೇಲಿನ ಅಕ್ಷರಮಾಲೆಯವರೆಗೆ ಏರಿತ್ತು. ಯಾಕೋ ಅಳು ಬಂತು.

ಯಾವಾಗ ಬರುತ್ತೀ ಎಂದು ಎರಡು ಸಾಲು ಬರೆ. ಫೋನು ಬೇಡ. ಫೋನಿನಲ್ಲಿ ನೀನು "ಹಾಂ, ಹಾಂ" ಎಂದು ಇಟ್ಟುಬಿಡುತ್ತೀ.

ನಿನ್ನ ದಾರಿ ಕಾಯುವ
ಸೌಭಾಗ್ಯ


ಅಂದ್ರೂನ್ ಕಿಲ್ಲಾ, ರಾಯಚೂರು
2 ಜುಲೈ 2020

ಪ್ರೀತಿಯ ತಂಗಿ ಸೌಭಾಗ್ಯ,

ನಿನ್ನ ಪತ್ರವನ್ನು ಅಂಚೆಯವನು ಬಾಗಿಲಲ್ಲಿ ನಿಂತು ಒಳಗೆ ಎಸೆದ. ಮಗ ರಾಹಿಲ್ ಅದನ್ನು ಇಡೀ ದಿನ ಬಿಸಿಲಿಗೆ ಇಟ್ಟ. ಈ ಕಾಲದ ಮಕ್ಕಳಿಗೆ ಕಾಗದದ ಮೇಲೂ ಅನುಮಾನ. ಸಂಜೆ ಓದಲು ಕೊಟ್ಟಾಗ ಅದು ಹಪ್ಪಳದ ಹಾಗೆ ಬೆಚ್ಚಗಿತ್ತು.

ನಾನು ಮಾನ್ವಿಯಲ್ಲಿ ಏಳನೆಯ ತರಗತಿಯವರೆಗೆ ಕನ್ನಡ ಶಾಲೆಗೆ ಹೋದವಳು. ಪತ್ರ ಎಂದರೆ ಶಾಲೆಯ ಭಾಷೆಯಲ್ಲೇ ಬರೆಯಬೇಕೆಂದು ನಮ್ಮ ಟೀಚರು ಬೆತ್ತ ಹಿಡಿದು ಕಲಿಸಿದ್ದರು. ಅದಕ್ಕೇ ಇಲ್ಲಿ ನನ್ನ ಮಾತು ಇಸ್ತ್ರಿ ಹಾಕಿದ ಹಾಗಿದ್ದರೆ ನಗಬೇಡ.

ಬರಬೇಕೆಂದು ಆಸೆಯಿದೆ. ಆದರೆ ನನ್ನ ಕೆಲಸವನ್ನು ದೂರ ನಿಂತು ಮಾಡುವುದು ಹೇಗೆ ಹೇಳು. ಬಟ್ಟೆ ಅಂಗಡಿಯವನು ಮೂರು ಮೊಳ ದೂರದಿಂದ ಬಟ್ಟೆ ಕೊಡಬಹುದು. ನಾನು ಒಬ್ಬೊಬ್ಬರ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂರಬೇಕು. ರಾಹಿಲ್ ಪ್ಲಾಸ್ಟಿಕ್ ಗ್ಲೌಸು ತಂದುಕೊಟ್ಟ. ಹಾಕಿಕೊಂಡು ಪಕ್ಕದ ಮನೆಯವಳಿಗೆ ಇಡಿಸಿ ನೋಡಿದೆ. ಎಲುಬು ಎಲ್ಲಿದೆ, ಎಲ್ಲಿ ಮೆತ್ತಗಿದೆ, ಒಂದೂ ತಿಳಿಯಲಿಲ್ಲ. ಮೂರು ಬಳೆ ಹೋದವು, ಅವಳೂ ಎದ್ದು ಹೋದಳು.

ಇನ್ನು ಮೇಲೆ ಎಲ್ಲ ಫೋಟೋದಲ್ಲೇ ವ್ಯಾಪಾರ ಎನ್ನುತ್ತಾನೆ ರಾಹಿಲ್. ಎರಡು-ನಾಲ್ಕು, ಎರಡು-ಆರು ಎಂದು ಅಳತೆಯ ನಂಬರು ಕೇಳುವುದು, ಡಬ್ಬಿಯಲ್ಲಿ ಕಳಿಸುವುದು. ಕೈಗೆ ನಂಬರು ಇರುತ್ತದೆಯೇ? ಅದಕ್ಕೆ ನಾನೊಂದು ಉಪಾಯ ಮಾಡಿದ್ದೇನೆ. ನೀವು ಒಬ್ಬೊಬ್ಬರೂ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಕೈ ಎಲ್ಲಿ ಅಗಲವೋ ಅಲ್ಲಿ ದಾರ ಸುತ್ತಿ ಗಂಟು ಹಾಕಿ ನನಗೆ ಕಳಿಸಿ. ಆ ದಾರ ಹಿಡಿದರೆ ನಿಮ್ಮ ಕೈ ಹಿಡಿದ ಹಾಗೆಯೇ ಎಂದುಕೊಳ್ಳುತ್ತೇನೆ. ಬಳೆಯನ್ನು ಬಸ್ಸಿನಲ್ಲಿ ಹಾಕುತ್ತೇನೆ.

ಮೊನ್ನೆ ಊಟ ಮಾಡಿ ಅಡ್ಡಾಗಿದ್ದೆ, ಕನಸು ಬಿತ್ತು. ನಮ್ಮ ಬಸ್‌ಸ್ಟ್ಯಾಂಡು ಖಾಲಿ. ದೇವದುರ್ಗದ ಬಸ್ಸು ಒಂದೇ ನಿಂತಿದೆ, ಡ್ರೈವರ್ ಇಲ್ಲ. ಪ್ರತಿ ಕಿಟಕಿಯಿಂದಲೂ ಕೈ ಹೊರಗೆ ಬಂದಿವೆ. ಮುಖ ಕಾಣುವುದಿಲ್ಲ, ಆದರೆ ನನಗೆ ಎಲ್ಲ ಕೈಗಳೂ ಗೊತ್ತು. ಅರಕೇರಾದ ಕೈ, ಜಾಲಹಳ್ಳಿಯ ಕೈ, ಹತ್ತಿ ಬಿಡಿಸಿ ಗೀರು ಬಿದ್ದ ಕೈ. ನಾನು ಒಂದೊಂದಕ್ಕೇ ಬಳೆ ಇಡಿಸುತ್ತಾ ಬಸ್ಸು ಸುತ್ತುತ್ತಿದ್ದೇನೆ, ಬಸ್ಸು ಮುಗಿಯುವುದೇ ಇಲ್ಲ. ಎದ್ದಾಗ ದಣಿವು ಇರಲಿಲ್ಲ, ಸುಖವಾಗಿತ್ತು.

ನಮ್ಮ ಯಜಮಾನರು ವಲಿ ಪಾಷಾ ನಿನಗೂ ನಿನ್ನ ಗಂಡ ಗದ್ದೆಪ್ಪನಿಗೂ ಸಲಾಂ ಹೇಳಿದ್ದಾರೆ. ಹೊರಗೆ ಹೋಗುವಂತಿಲ್ಲ, ಅದಕ್ಕೆ ಕೂತಲ್ಲೇ ಮಲಾರ ಬಿಚ್ಚುತ್ತಾರೆ, ಬಣ್ಣ ಬೇರೆ ಮಾಡಿ ಮತ್ತೆ ಪೋಣಿಸುತ್ತಾರೆ, ಮತ್ತೆ ಬಿಚ್ಚುತ್ತಾರೆ. ಬೈದರೆ "ಕೈಗೆ ಕೆಲಸ ಬೇಕಲ್ಲ ಬೇ" ಎನ್ನುತ್ತಾರೆ.

ಹಣಮವ್ವನಿಗೆ ನನ್ನ ಶರಣು ತಿಳಿಸು.

ನಿನ್ನ ಅಕ್ಕ
ಲತೀಫಾ


ಜಾಲಹಳ್ಳಿ
26 ಜುಲೈ 2020

ಇಸ್ತ್ರಿ ಭಾಷೆಯ ಲತೀಫಾಕ್ಕನಿಗೆ,

ಇದರೊಳಗೆ ಏಳು ದಾರ ಇವೆ. ಒಂದೊಂದಕ್ಕೂ ಹೆಸರು ಬರೆದ ಚೀಟಿ ಅಂಟಿಸಿದ್ದೇನೆ. ಮೊದಲು ನಾನು ಜಾಣತನ ಮಾಡಲು ಹೋಗಿ ಎಲ್ಲರ ಮಣಿಕಟ್ಟಿಗೆ ದಾರ ಸುತ್ತಿ ಗಂಟು ಹಾಕಿದ್ದೆ. ಪಕ್ಕದ ಮನೆಯ ದುರುಗಮ್ಮ ನೋಡಿ, "ಇದರಾಗ ಕೂಸಿನ ಕೈ ಸೈತ ಹೋಗಂಗಿಲ್ಲ, ಟೀಚರಮ್ಮ" ಎಂದಳು. ಅವಳು ಒಂದನೆಯ ತರಗತಿಯನ್ನೂ ಮುಗಿಸಿದವಳಲ್ಲ. ನಿನ್ನ ಪತ್ರ ಮತ್ತೆ ಓದಿ, ಏಳೂ ದಾರ ಬಿಚ್ಚಿ, ಮತ್ತೆ ಅಳೆದೆ. ಓಣಿಯಲ್ಲಿ ಎಲ್ಲರೂ ಮುಷ್ಟಿ ಮಡಚಿಕೊಂಡು ಸಾಲಾಗಿ ನಿಂತಿದ್ದರು. ಗದ್ದೆಪ್ಪ ಹೊಲದಿಂದ ಬಂದವರು ನೋಡಿ ಏನೋ ಜಗಳ ಎಂದುಕೊಂಡರು.

ಅಳೆಯುವಾಗ ಒಂದು ಮಾತು ಹೊಳೆಯಿತು ಅಕ್ಕ. ನಾಲ್ಕು ತಿಂಗಳಿಂದ ನಾನು ನನ್ನ ಮನೆಯವರಲ್ಲದೆ ಇನ್ನೊಬ್ಬರ ಕೈ ಮುಟ್ಟಿರಲಿಲ್ಲ. ದುರುಗಮ್ಮನ ಕೈ ಎಷ್ಟು ಬಿಸಿಯಾಗಿತ್ತೆಂದರೆ ಜ್ವರವೇನೋ ಎಂದು ಮಷೀನು ಹಿಡಿದೆ. ಜ್ವರ ಇರಲಿಲ್ಲ. ಮನುಷ್ಯರ ಕೈ ಇರುವುದೇ ಅಷ್ಟು ಬಿಸಿ, ನಾನು ಮರೆತಿದ್ದೆ.

ನನಗೆ ಹಳದಿ ಗೀರಿನ ಕೆಂಪು ಬಳೆ ಕಳಿಸು. ದುರುಗಮ್ಮನಿಗೆ ನವಿಲು ಬಣ್ಣದ್ದು ಬೇಕಂತೆ. ಉಳಿದವರದ್ದು ನಿನ್ನ ಇಷ್ಟ.

ಚೀರಲು ಸಿದ್ಧವಾಗಿರುವ
ಸೌಭಾಗ್ಯ


ರಾಯಚೂರು
8 ಅಕ್ಟೋಬರ್ 2020

ಪ್ರೀತಿಯ ಸೌಭಾಗ್ಯ,

ತಡವಾಯಿತು. ಏಳು ಜನರ ಬಳೆಗಳನ್ನೂ ಹತ್ತಿಯಲ್ಲಿ ಸುತ್ತಿ ರಾಹಿಲನ ಕೈಯಲ್ಲಿ ದೇವದುರ್ಗದ ಬಸ್ಸಿಗೆ ಹಾಕಿಸಿದ್ದೇನೆ. ಕಂಡಕ್ಟರ್ ಪರಿಚಯದವನು.

ಎರಡು ತಿಂಗಳಿಂದ ನಾನು ಹೊಸ್ತಿಲು ದಾಟಿಲ್ಲ. ದಾಟುವುದೂ ಇಲ್ಲ, ಇನ್ನೂ ಕೆಲವು ಕಾಲ. ನಿಮ್ಮ ದಾರಗಳನ್ನು ಕಿಟಕಿಯ ಸರಳಿಗೆ ಕಟ್ಟಿದ್ದೆ. ಗಾಳಿಗೆ ಅವು ಅಲುಗುವುದನ್ನು ನೋಡುತ್ತಾ ಕೂರುತ್ತಿದ್ದೆ. ಒಮ್ಮೊಮ್ಮೆ ಹಗಲು ಯಾವುದು, ನಿದ್ದೆ ಯಾವುದು ತಿಳಿಯುವುದಿಲ್ಲ. ಕೋಟೆಯ ಗುಡ್ಡದ ಮೇಲೆ ಬಿಸಿಲು ಬರುತ್ತದೆ, ಹೋಗುತ್ತದೆ.

ಈಗ ಮಲಾರ ನಾನೇ ಪೋಣಿಸುತ್ತೇನೆ. ಬಣ್ಣಗಳು ತಪ್ಪುತ್ತವೆ.

ನಿನ್ನ ಕೆಂಪು ಬಳೆಯಲ್ಲಿ ಒಂದು ಹೆಚ್ಚಿಗೆ ಇಟ್ಟಿದ್ದೇನೆ. ಎಡಗೈಗೆ ಹಾಕಿಕೋ. ಮೇಲಿಂದ ತಳ್ಳಬೇಡ. ಹೆಬ್ಬೆರಳ ಬುಡ ಒತ್ತಿ ಹಿಡಿದು ಉಸಿರು ಬಿಡು, ಆಗ ಕೈ ತಾನೇ ಸಣ್ಣದಾಗುತ್ತದೆ.

ಲತೀಫಾ


ಜಾಲಹಳ್ಳಿ
3 ನವೆಂಬರ್ 2020

ಲತೀಫಾಕ್ಕ,

ಬಳೆ ಬಂದವು. ಏಳು ಜನರಲ್ಲಿ ಒಬ್ಬರದೂ ತಪ್ಪಲಿಲ್ಲ. ದುರುಗಮ್ಮ ಹೊಸ ಬಳೆ ಹಾಕಿಕೊಂಡು ನೀರಿಗೆ ಮೂರು ಸಲ ಹೋಗಿ ಬಂದಳು, ಮನೆಯಲ್ಲಿ ಕೊಡ ತುಂಬಿದ್ದರೂ. ಆದರೆ ನಿನ್ನ ಪತ್ರ ಮಾತ್ರ ನನಗೆ ಹಿಡಿಸಲಿಲ್ಲ. ಗಂಡನ ಮೇಲೆ ಒಂದು ದೂರೂ ಇಲ್ಲದ ನಿನ್ನ ಪತ್ರ ಉಪ್ಪಿಲ್ಲದ ಸಾರಿನ ಹಾಗಿತ್ತು.

ಇರಲಿ, ದೊಡ್ಡ ಸುದ್ದಿ ಕೇಳು. ದೇವಿಕಾ ಬಸುರಿ. ಮಾನ್ವಿಗೆ ಕೊಟ್ಟು ನಾಲ್ಕು ವರ್ಷವಾಗಿತ್ತು, ಅತ್ತೆ ಯಾರ ಎದುರಿಗೂ ಆ ಮಾತು ಎತ್ತದೆ ಒಳಗೊಳಗೇ ನವೆಯುತ್ತಿದ್ದರು. ಈಗ ಅವರ ಮುಖ ನೋಡಬೇಕು. ಅಳಿಯ ಹಾಲೇಶ ಪೋತ್ನಾಳದಲ್ಲಿ ಇಟ್ಟಿರುವ ಅಂಗಡಿ ಲಾಕ್‌ಡೌನಿನಲ್ಲಿ ಮುಚ್ಚಿತ್ತು. ಈಗ ತೆರೆದಿದ್ದಾನೆ, ಅರ್ಧ ಅಂಗಡಿ ಮಾಸ್ಕು, ಸ್ಯಾನಿಟೈಸರು. ಕಾಲ ಹೇಗೆ ಬಂತು ನೋಡು.

ಏಳನೆಯ ತಿಂಗಳಿಗೆ ಇಲ್ಲೇ ಕುಬಸದ ಶಾಸ್ತ್ರ. ಜನವರಿ ಕೊನೆಗೆ, ಶುಕ್ರವಾರ 29ಕ್ಕೆ. ಅತ್ತೆಯ ಅಪ್ಪಣೆ ಹೀಗಿದೆ: "ಹಸರು ಬಳಿ ಲತೀಫಾನ ತಂದು ಇಡಸಬೇಕು. ಡಬ್ಬ್ಯಾಗ ಕಳಸೂದು ನಡಿಯಂಗಿಲ್ಲ." ದೇವಿಕಾಗೆ ತೊಟ್ಟಿಲಲ್ಲಿದ್ದಾಗ ಮೊದಲ ಕರಿಬಳೆ ಇಡಿಸಿದವಳೂ ನೀನೇ ಅಂತೆ. ಬಸ್ಸು ಸರಿಯಾಗಿ ಓಡುತ್ತಿವೆ. ಜನ ಸಂತೆಗೆ ಹೋಗುತ್ತಿದ್ದಾರೆ. ಇನ್ನು ನೀನು ಬರದಿದ್ದರೆ ರೋಗಕ್ಕೆ ಹೆದರಿದೆ ಎಂದಲ್ಲ, ನಮ್ಮನ್ನು ಬಿಟ್ಟೆ ಎಂದೇ ಅರ್ಥ.

ಉತ್ತರ ಬೇಗ ಬರಲಿ.

ಸೌಭಾಗ್ಯ


ರಾಯಚೂರು
22 ನವೆಂಬರ್ 2020

ತಂಗಿ ಸೌಭಾಗ್ಯ,

ಈ ಪತ್ರವನ್ನು ಮೂರು ಸಲ ಬರೆದು ಹರಿದೆ. ಫೋನು ಮಾಡಬಹುದಿತ್ತು. ಮಾಡಿದರೆ ನನ್ನ ದನಿಯಲ್ಲೇ ನಿನಗೆ ತಿಳಿದುಬಿಡುತ್ತಿತ್ತು.

ರಾಹಿಲನ ಅಪ್ಪ ಆಗಸ್ಟ್ 19ಕ್ಕೆ ತೀರಿಕೊಂಡರು. ಎಂಟು ದಿನದ ಜ್ವರ. ಆಂಬುಲೆನ್ಸ್ ಹತ್ತುವಾಗ, "ಹಸರು ಮಲಾರ ಅರ್ಧ ಆಗ್ಯದ, ಕೆಡಸಬ್ಯಾಡ್ರಿ" ಎಂದರು. ಅದೇ ಕೊನೆಯ ಮಾತು. ಮಣ್ಣಿಗೆ ನಾಲ್ಕು ಜನ ಹೋದರು, ನಾಲ್ವರ ಮುಖವೂ ಕಾಣದ ಹಾಗೆ ಬಟ್ಟೆ. ನಮ್ಮಲ್ಲಿ ಗಂಡ ತೀರಿಕೊಂಡರೆ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು. ಅದಕ್ಕೇ ನಾನು ಹೊಸ್ತಿಲು ದಾಟಿಲ್ಲ. ಆ ಗಡುವು ಡಿಸೆಂಬರ್ ಕೊನೆಗೆ ಮುಗಿಯುತ್ತದೆ. ಕುಬಸಕ್ಕೆ ಬರಲು ಅದು ಅಡ್ಡಿಯಲ್ಲ.

ಅಡ್ಡಿ ಯಾವುದು ಎಂದು ನಿನಗೆ ಗೊತ್ತು. ನನ್ನ ಕೈ ಈಗ ಬರಿದು. ಗಾಜಿನ ಬಳೆ ನಮ್ಮ ಕಡೆಯೂ ಗಂಡ ಹೋದವರು ಹಾಕುವುದಿಲ್ಲ. ಮನೆ ತುಂಬ ಸಾವಿರಾರು ಬಳೆ ನೇತಾಡುತ್ತವೆ, ಅವುಗಳಲ್ಲಿ ನನ್ನದು ಒಂದೂ ಇಲ್ಲ. ನಿಮ್ಮವರು ಮದುವಣಗಿತ್ತಿಗೆ, ಬಸುರಿಗೆ ಮುತ್ತೈದೆಯ ಕೈಯಿಂದಲೇ ಬಳೆ ಇಡಿಸಿಕೊಳ್ಳುತ್ತೀರಿ. ನಾನು ನಿಮ್ಮ ಜಾತಿಯವಳಲ್ಲ, ನಿಮ್ಮ ದೇವರು ನನ್ನ ದೇವರಲ್ಲ, ಇಪ್ಪತ್ತೈದು ವರ್ಷ ಅದನ್ನು ಯಾರೂ ಕೇಳಲಿಲ್ಲ. ನನ್ನ ಕೈಯಲ್ಲಿ ಬಳೆ ಇತ್ತು, ಅಷ್ಟು ಸಾಕಾಗಿತ್ತು.

ನಿಜ ಹೇಳುತ್ತೇನೆ, ಈ ರೋಗ ನನಗೊಂದು ಮರೆಯಾಗಿತ್ತು. ಯಾರೂ ಯಾರನ್ನೂ ಮುಟ್ಟದ ಕಾಲದಲ್ಲಿ, ನನ್ನನ್ನು ಯಾರೂ ಮುಟ್ಟುತ್ತಿಲ್ಲ ಎಂಬುದು ಯಾರಿಗೆ ಕಾಣಬೇಕು? ದಾರ ಕಳಿಸಿ ಎಂದು ಬರೆದಾಗ ಅದು ರೋಗದ ಉಪಾಯ. ಆಮೇಲೆ ಅದೇ ನನಗೆ ಒಳ್ಳೆಯದಾಯಿತು. ಜನ ಹೀಗೇ ದೂರ ಇರಲಿ, ಬಸ್ಸು ಇನ್ನಷ್ಟು ದಿನ ನಿಲ್ಲಲಿ ಎಂದು ಬೇಡಿಕೊಂಡಿದ್ದೂ ಉಂಟು. ಅಲ್ಲಾಹ್ ಕ್ಷಮಿಸಲಿ.

"ಅಮ್ಮೀ, ನಾಕ್ ಬಳಿ ಹಾಕ್ಕೊಂಡು ಹೋಗು, ಅಲ್ಲಿ ಯಾರಿಗೆ ಗೊತ್ತಾಗತದ" ಎಂದ ರಾಹಿಲ್. ಹಾಕಿಕೊಂಡು ನೋಡಿದೆ. ಕೈ ಬೇರೆ ಯಾರದೋ ಅನಿಸಿತು. ತೆಗೆದಿಟ್ಟೆ. ಹಣಮವ್ವನ ಮನೆಯಲ್ಲಿ ಸುಳ್ಳು ಕೈಯಿಂದ ಮಗಳ ಕೈ ಹಿಡಿಯಲಾರೆ.

ನನಗೆ ಬರುವ ಆಸೆ ಇದೆ. ಬಹಳ ಇದೆ. ಬಳೆ ಮಾರದಿದ್ದರೆ ರಾಹಿಲ್ ಅನ್ನ ಹಾಕುತ್ತಾನೆ. ಆದರೆ ಇನ್ನೊಬ್ಬರ ಕೈ ಹಿಡಿಯದೆ ನಾನು ಏನಾಗುತ್ತೇನೆ ಎಂಬುದು ನನಗೇ ಗೊತ್ತಿಲ್ಲ. ಮನೆಯಲ್ಲಿ ಕೇಳು. ಹೌದು ಎಂದರೆ ಹೌದು ಎಂದು ಬರೆ, ಬೇಡ ಎಂದರೆ ಬೇಡ ಎಂದು ಬರೆ. ಬೇಡ ಎಂದರೂ ಬಳೆ ಕಳಿಸುತ್ತೇನೆ.

ಲತೀಫಾ


ಜಾಲಹಳ್ಳಿ
12 ಜನವರಿ 2021

ಅಕ್ಕ,

ನಿನಗೆ ಮುಖ ತೋರಿಸುವ ಧೈರ್ಯ ನನಗಿಲ್ಲ, ಪತ್ರವಾದ್ದರಿಂದ ಬರೆಯುತ್ತಿದ್ದೇನೆ. ನಿನ್ನ ಪತ್ರ ಬಂದು ಒಂದೂವರೆ ತಿಂಗಳಾಯಿತು. ಅದನ್ನು ಸರ್ವೆಯ ಪುಸ್ತಕದ ನಡುವೆ ಇಟ್ಟುಕೊಂಡು ಮನೆಮನೆ ತಿರುಗಿದೆ. ಎಷ್ಟು ಜನಕ್ಕೆ ಜ್ವರ, ಎಷ್ಟು ಜನಕ್ಕೆ ಕೆಮ್ಮು ಎಂದು ಬರೆಯುವಾಗಲೆಲ್ಲ ಅದು ಕೈಗೆ ತಾಗುತ್ತಿತ್ತು. ಪಾಷಾ ಮಾಮನ ಮೇಲೆ ತಮಾಷೆ ಮಾಡಿ ಬರೆದದ್ದು ನೆನಪಾಗಿ ಊಟ ಸೇರಲಿಲ್ಲ.

ಉತ್ತರ ಯಾಕೆ ಬರೆಯಲಿಲ್ಲ ಎಂದು ಹೇಳಿಬಿಡುತ್ತೇನೆ. ಅತ್ತೆ ಬೇಡ ಎನ್ನುತ್ತಾರೆ ಎಂದು ಹೆದರಿದೆ ಎಂದರೆ ಅದು ಅರ್ಧ ಸತ್ಯ. ನಾನೇ ಹಿಂದೆಮುಂದೆ ನೋಡಿದೆ. ನಾಲ್ಕು ವರ್ಷಕ್ಕೆ ನಿಂತ ಬಸುರು, ಏನಾದರೂ ಹೆಚ್ಚುಕಡಿಮೆ ಆದರೆ ಎಂದು ನನ್ನ ಮನಸ್ಸೂ ಅಳುಕಿತು. ಹತ್ತು ಜನರಿಗೆ ಬುದ್ಧಿ ಹೇಳುವ ಟೀಚರು ನಾನು. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಹೋದ ವಾರ ಅತ್ತೆಗೆ ನಿನ್ನ ಪತ್ರ ಓದಿ ಹೇಳಿದೆ. ಜೋಳ ಹಸನು ಮಾಡುತ್ತಿದ್ದರು. ಕೈ ನಿಲ್ಲಿಸಿ ಕೇಳಿದರು. "ಇನ್ನೊಮ್ಮಿ ಓದು" ಎಂದರು. ಮತ್ತೆ ಓದಿದೆ. ತಿರುಗಿ ಜೋಳಕ್ಕೆ ಕೈ ಹಾಕಿದರು. ನಾಲ್ಕು ದಿನ ಆ ಮಾತೇ ಇಲ್ಲ. ನಿನ್ನೆ ಬೆಳಿಗ್ಗೆ ತಾವಾಗಿಯೇ, "ಬಳಿ ತಗೊಂಡು ಬಾ ಅಂತ ಬರಿ ಆಕಿಗೆ" ಎಂದರು.

"ಇಡಸೂದು ಯಾರು, ಅತ್ತಿ?" ಎಂದು ಕೇಳಿದೆ.

"ಬಳಿ ತಗೊಂಡು ಬಾ ಅಂತ ಬರಿ ಅಂದೆ" ಎಂದು ಒಳಗೆ ಹೋದರು.

ನೀನು ಹೌದು ಅಥವಾ ಬೇಡ ಕೇಳಿದ್ದೆ. ನನ್ನ ಹತ್ತಿರ ಇರುವುದು ಇಷ್ಟೇ. ಇದನ್ನು ನಂಬಿ ಬಂದು ನಿನಗೆ ಅವಮಾನವಾದರೆ ನಾನು ತಾಳಲಾರೆ. ಬರದಿದ್ದರೆ ಅದನ್ನೂ ತಾಳಲಾರೆ. ಆದರೂ ಬಾ. ನಾನು ನಿನ್ನ ಪಕ್ಕದಲ್ಲೇ ಕೂರುತ್ತೇನೆ.

ಸೌಭಾಗ್ಯ


ರಾಯಚೂರು
31 ಜನವರಿ 2021

ತಂಗಿ,

ಪಕ್ಕದಲ್ಲೇ ಕೂರುತ್ತೇನೆ ಎಂದವಳು ಎದ್ದು ಹೋದೆಯಲ್ಲ. ನಿನ್ನನ್ನು ಬೈಯುವುದಿಲ್ಲ. ಸರ್ಕಾರದವರು ಲಸಿಕೆಗೆ ಅದೇ ದಿನ ದೇವದುರ್ಗಕ್ಕೆ ಕರೆದರೆ ನೀನಾದರೂ ಏನು ಮಾಡುವೆ. ನಾನು ಬಸ್ಸಿಳಿಯುವಾಗ ನೀನು ಜೀಪು ಹತ್ತಿ ಕೈ ಬೀಸಿದೆ, ನಾಲ್ಕು ಗಂಟೆಯ ಬಸ್ಸಿಗೆ ನಾನು ತಿರುಗಿದೆ. ತೋಳು ನೋಯುತ್ತಿದೆಯೇ? ಅಲ್ಲಿ ಏನಾಯಿತೆಂದು ಅವರಿವರು ಉಪ್ಪುಖಾರ ಹಚ್ಚಿ ಹೇಳಿರುತ್ತಾರೆ. ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಪಡಸಾಲೆಯಲ್ಲಿ ಹೆಂಗಸರು ತುಂಬಿದ್ದರು. ಅರ್ಧ ಜನ ಮಾಸ್ಕು ಹಾಕಿದ್ದರು, ಅರ್ಧ ಜನರದು ಗದ್ದಕ್ಕೆ ಇಳಿದಿತ್ತು. ದೇವಿಕಾ ಹಸಿರು ಸೀರೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನಾನು ಮಲಾರ ಇಳಿಸಿದೆ. ಎಲ್ಲರೂ ಮೊದಲು ನನ್ನ ಮಣಿಕಟ್ಟು ನೋಡಿದರು, ಆಮೇಲೆ ಮುಖ ನೋಡಿದರು.

ದುರುಗಮ್ಮ ಮೆಲ್ಲಗೆ, "ಬಳಿ ಇತ್ತಾಗ ಕೊಡವಾ, ನಾವ ಇಡಸ್ತೀವಿ" ಎಂದಳು. ಅವಳ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನಗೇ ಅಯ್ಯೋ ಅನಿಸುವಷ್ಟು ಮೆದುವಾಗಿ ಹೇಳಿದಳು. ಕೊಟ್ಟು ಅಡುಗೆಮನೆಗೆ ಹೋದೆ.

ಅಲ್ಲಿ ಹಣಮವ್ವ ಒಬ್ಬರೇ ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದರು. ಹೆತ್ತ ಮಗಳ ಕುಬಸ ಹೊರಗೆ ನಡೆಯುತ್ತಿದೆ, ತಾಯಿ ಒಳಗೆ. ನಾನು ಇಷ್ಟು ವರ್ಷ ಎಷ್ಟೋ ಮನೆಯಲ್ಲಿ ಬಳೆ ಇಡಿಸಿದ್ದೇನೆ, ಅಡುಗೆಮನೆಯಲ್ಲಿ ಹೀಗೆ ಯಾರಾದರೂ ಇರುತ್ತಾರೆ ಎಂದು ಒಮ್ಮೆಯೂ ಇಣುಕಿ ನೋಡಿರಲಿಲ್ಲ. ಅದು ನೆನೆದು ನಾಚಿಕೆಯಾಯಿತು.

"ಬಂದಿ?" ಎಂದರು.

"ಬಂದೀನ್ರಿ ಯವ್ವಾ."

"ಕುಂದ್ರು." ಮಣೆ ಸರಿಸಿದರು. ಒಂದು ಹೋಳಿಗೆ ತೆಗೆದು ಕೈಗೆ ಕೊಟ್ಟರು. ನಾನು ಅಲ್ಲೇ ಕೂತು ತಿಂದೆ, ಅವರು ಮುಂದಿನದನ್ನು ಮಗುಚಿದರು. ಹೊಗೆಯಲ್ಲಿ ಅವರ ಮುಖ ಬರುತ್ತಿತ್ತು, ಹೋಗುತ್ತಿತ್ತು. ಹೊರಗಿನ ಹಾಡು ಯಾವುದೋ ದೂರದ ಊರಿನದು ಎನ್ನುವ ಹಾಗೆ ಕೇಳುತ್ತಿತ್ತು. ನಾನು ಅಲ್ಲೇ ನಿದ್ದೆ ಹೋಗಬಹುದಿತ್ತು, ಅಷ್ಟು ಹಗುರಾಗಿತ್ತು ಮನಸ್ಸು. ಇನ್ನು ಕೈ ಹಿಡಿಯದಿದ್ದರೂ ನಡೆದೀತು, ಯಾರಾದರೂ ಪಕ್ಕದಲ್ಲಿ ಮಣೆ ಹಾಕಿದರೆ ಸಾಕು ಅನಿಸಿತು.

ಆಗ ಹೊರಗೆ ಹಾಡು ತಟ್ಟನೆ ನಿಂತಿತು. ದೇವಿಕಾಳ ಕೈ ಬಾತಿತ್ತು, ಏಳು ತಿಂಗಳಲ್ಲಿ ಹಾಗಾಗುತ್ತದೆ. ದುರುಗಮ್ಮ ಮೇಲಿಂದ ತಳ್ಳಿದ್ದಾಳೆ, ಹಸಿರು ಬಳೆ ಒಂದು ಒಡೆಯಿತು. ಇನ್ನೊಂದು ತೆಗೆದುಕೊಂಡಳು, ಅದೂ ಒಡೆದು ರಕ್ತ ಬಂತು. ಕುಬಸದಲ್ಲಿ ಹಸಿರು ಬಳೆ ಒಡೆದರೆ ಏನೆಂದುಕೊಳ್ಳುತ್ತಾರೆ ನಿನಗೆ ಗೊತ್ತು. ದೇವಿಕಾ ಅಳು ನುಂಗಿಕೊಂಡು, "ಲತೀಫಾಕ್ಕನ ಕರೀರಿ" ಎಂದಳು. ಯಾರೂ ಏಳಲಿಲ್ಲ.

ಹಣಮವ್ವ ಎದ್ದರು. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ನನ್ನ ರಟ್ಟೆ ಹಿಡಿದು ಎಬ್ಬಿಸಿ, ಪಡಸಾಲೆಗೆ ನಡೆಸಿಕೊಂಡು ಹೋದರು. ಮುತ್ತೈದೆಯರ ನಡುವೆ, ಮಗಳ ಎದುರಿಗೇ ನೆಲದ ಮೇಲೆ ಕೂತರು. ಆಮೇಲೆ ತಮ್ಮ ಬಲಗೈಯನ್ನು ನನ್ನ ಮುಂದೆ ಚಾಚಿದರು.

"ಮೊದಲ ನನಗ ಇಡಸು" ಎಂದರು.

ದುರುಗಮ್ಮ, "ಹಣಮಕ್ಕಾ, ಏನಿದು" ಎಂದಳು.

"ಇಂಥಾ ಕೈ ಮುಟ್ಟಿದ್ರ ನನ್ನ ಮಗಳಿಗೆ ಕೇಡಾಗತದ ಅಂತೀರಿ ಹೌದಿಲ್ಲೋ? ಆಕಿಗೆ ಎರಡು ವರ್ಷ ಇದ್ದಾಗಿಂದ ಇದ ಕೈಲೆ ಜಳಕ ಮಾಡಿಸೀನಿ, ಇದ ಕೈಲೆ ಉಣಿಸೀನಿ, ತಲಿ ಹಿಕ್ಕೀನಿ. ಏನಾತು ಆಕಿಗೆ? ಕೇಡು ಇದ್ರ ಇಷ್ಟೊತ್ತಿಗೆ ಮುಟ್ಟಬೇಕಿತ್ತು." ಜೋರು ಮಾಡಲಿಲ್ಲ. ಸಂತೆಯ ಸಾಮಾನು ಹೇಳುವ ಹಾಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಇಡಸು ಬೇ, ಹೋಳಿಗಿ ಹೊತ್ತತಾವ" ಎಂದರು.

ಆ ಕೈಯನ್ನು ನಾನು ಮಡಿಲಲ್ಲಿ ಇಟ್ಟುಕೊಂಡೆ. ಇಪ್ಪತ್ತೈದು ವರ್ಷ ಆ ಮನೆಗೆ ಹೋಗಿದ್ದೇನೆ, ಅವರ ಯಜಮಾನರು ಹೋದ ಮೇಲೆ ಆ ಕೈ ಹಿಡಿದದ್ದು ಅದೇ ಮೊದಲು. ಒರಟು ಕೈ, ಹೆಬ್ಬೆರಳ ಬುಡದಲ್ಲಿ ಕುಡಗೋಲಿನ ಹಳೆಯ ಗಾಯ. ನಾನು ಹೆಬ್ಬೆರಳ ಬುಡ ಒತ್ತಿ ಕಾದೆ. ಅವರು ಉಸಿರು ಬಿಟ್ಟರು. ದೇವಿಕಾಳ ಅಳತೆಗೆ ತಂದ ಬಳೆ, ಅವರಿಗೆ ದೊಡ್ಡದು, ತಾನಾಗಿ ಒಳಗೆ ಹೋಯಿತು. ಒಂದೇ ಒಂದು ಇಡಿಸಿದೆ.

ಆಮೇಲೆ ದೇವಿಕಾಗೆ. ಅವಳ ಕೈಗೆ ಕೊಬ್ಬರಿ ಎಣ್ಣೆ ಸವರಿ, ಎಡಗೈಗೆ ಹನ್ನೆರಡು, ಬಲಗೈಗೆ ಹನ್ನೊಂದು ಇಡಿಸಿದೆ. ಒಂದೂ ಒಡೆಯಲಿಲ್ಲ. ಅದರಲ್ಲಿ ಪವಾಡವೇನೂ ಇಲ್ಲ, ಅದು ನನ್ನ ಕೆಲಸ. ಮುಗಿದ ಮೇಲೆ ದುರುಗಮ್ಮ ತನ್ನ ಕೈ ಮುಂದೆ ಮಾಡಿದಳು. ಇಬ್ಬರು ಮಾತ್ರ ಎದ್ದು ಹೋದರು, ಅವರ ಹೆಸರು ಬರೆಯುವುದಿಲ್ಲ.

ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಬಂದೆ. ಹತ್ತಿ ಬಿಡಿಸಿದ ಹೊಲಗಳು, ಸಂಜೆಯ ಧೂಳು, ಎಲ್ಲ ನೀರಿನೊಳಗೆ ಇದ್ದ ಹಾಗೆ ಕಾಣುತ್ತಿತ್ತು. ಅಳುತ್ತಿದ್ದೆನೋ ಏನೋ, ನನಗೆ ಗೊತ್ತಾಗಲಿಲ್ಲ. ಆದರೆ ಒಂದು ಚಿಂತೆ ಉಳಿದಿದೆ. ಊರವರು ಹಣಮವ್ವನನ್ನು ಮಾತಿನಲ್ಲಿ ಇರಿಯುತ್ತಾರೆ. ಅವರು ಆ ಬಳೆಯನ್ನು ಅವತ್ತೇ ತೆಗೆದಿಟ್ಟಿರಬೇಕು. ತೆಗೆದಿದ್ದರೆ ನನಗೆ ಬೇಸರವಿಲ್ಲ ಎಂದು ಹೇಳು.

ಲತೀಫಾ


ಜಾಲಹಳ್ಳಿ
20 ಫೆಬ್ರವರಿ 2021

ಅಕ್ಕ,

ತೋಳು ಎರಡು ದಿನ ನೋಯಿತು, ಈಗ ಆರಾಮ. ದೇವಿಕಾ ಮಾನ್ವಿಗೆ ಹೋಗಿ ಬಂದಳು, ಹೆರಿಗೆಯವರೆಗೆ ಇನ್ನು ಇಲ್ಲೇ. ಕೂಸು ಒಳಗಿನಿಂದ ಒದೆಯುತ್ತದಂತೆ.

ಅತ್ತೆ ಬಳೆ ತೆಗೆದಿಲ್ಲ.

ಊರಲ್ಲಿ ಮಾತು ಆಗುತ್ತಿದೆ, ನೀನು ಹೇಳಿದ ಹಾಗೆಯೇ. ಗದ್ದೆಪ್ಪ ಕೂಡ ಒಮ್ಮೆ ಗಂಟಲು ಸರಿಮಾಡಿಕೊಂಡು, "ಯವ್ವಾ, ಅದು..." ಎಂದು ಶುರು ಮಾಡಿದರು. ಮೊನ್ನೆ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತು ನೇರವಾಗಿ ಕೇಳಿಯೇಬಿಟ್ಟರು, ಈ ವಯಸ್ಸಿನಲ್ಲಿ ಇದೇನು, ಯಾಕೆ ತೆಗೆಯಲಿಲ್ಲ ಎಂದು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

ಅತ್ತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, "ಏನ್ ಮಾಡ್ಲಿರಿ, ಭಾಳ ಬಿಗಿ ಅದ, ಬರವಲ್ದು. ಲತೀಫಾನ ಬಂದು ತಗೀಬೇಕು" ಎಂದರು.

ಇವತ್ತು ಬೆಳಿಗ್ಗೆ ಅವರು ರೊಟ್ಟಿ ಬಡಿಯುವುದನ್ನು ನೋಡಿದೆ. ಆ ಬಳೆ ಮಣಿಕಟ್ಟಿನಿಂದ ಮೊಣಕೈವರೆಗೆ ಓಡಾಡುತ್ತಿತ್ತು. ನೀನು ಬೇಗ ಬರಬೇಡ.

ಸೌಭಾಗ್ಯ